ಗರ್ಭಕಂಠದ ಆಪರೇಶನ್ ಆದಮೇಲೆ ರಕ್ತ ಹೋಗುತ್ತಿದೆಯಾ? ಮೊದಲು ದಿನ ಎಣಿಸಿ

ಆಪರೇಶನ್ ಆಗಿ ಹತ್ತು ದಿನ ಕಳೆದಿದೆ. ನೋವಿಲ್ಲ, ಜ್ವರವಿಲ್ಲ, ಕೆಲಸಕ್ಕೂ ಹೋಗಲು ಶುರು ಮಾಡಿದ್ದೀರಿ. ಒಂದು ಬೆಳಗ್ಗೆ ಬಾತ್‌ರೂಮಿಗೆ ಹೋದರೆ ಪ್ಯಾಡ್ ಮೇಲೆ ಕೆಂಪು ರಕ್ತ. ನಿನ್ನೆಯವರೆಗೆ ಇರಲಿಲ್ಲ. ಎದೆ ಧಸಕ್ ಎನ್ನುತ್ತದೆ. ಗಾಯ ಬಿಚ್ಚಿಕೊಂಡಿತಾ? ಕ್ಯಾನ್ಸರ್ ಇರಬಹುದಾ? ಈಗಲೇ ಆಸ್ಪತ್ರೆಗೆ ಓಡಬೇಕಾ?

ಆ ಹೊತ್ತಿನಲ್ಲಿ ಫೋನಿನಲ್ಲಿ ಹುಡುಕಾಡುವುದಕ್ಕಿಂತ ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಗರ್ಭಕಂಠದ ಆಪರೇಶನ್ ಆದವರಿಗೆ ರಕ್ತ ಕಾಣಿಸಿತು ಅನ್ನುವುದಕ್ಕಿಂತ ಎಷ್ಟನೇ ದಿನ ಕಾಣಿಸಿತು ಅನ್ನುವುದೇ ಮುಖ್ಯ. ಎರಡನೇ ದಿನದ ರಕ್ತಕ್ಕೆ ಒಂದು ಕಾರಣ, ಹನ್ನೊಂದನೇ ದಿನದ್ದಕ್ಕೆ ಇನ್ನೊಂದು, ಆರು ತಿಂಗಳಾದ ಮೇಲೆ ಮುಟ್ಟಿಗೆ ಮುಂಚೆ ಕಾಣಿಸುವ ಕಂದು ಕಲೆಗೆ ಮತ್ತೊಂದು. ಈ ಕೊನೆಯದರ ಬಗ್ಗೆ ಹೇಳುವವರು ಕಡಿಮೆ. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆದಿದ್ದೇನೆ.

ಯಾವ ಆಪರೇಶನ್ ಆಗಿದೆ ಅಂತ ಗೊತ್ತಿರಲಿ

ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ. ಎಚ್‌ಪಿವಿ ವೈರಸ್ ತುಂಬಾ ದಿನ ಅಲ್ಲೇ ಉಳಿದುಕೊಂಡರೆ ಕೆಲವರಲ್ಲಿ ಜೀವಕೋಶಗಳು ಬದಲಾಗುತ್ತವೆ. ಅವು ಮುಂದೆ ಕ್ಯಾನ್ಸರ್ ಆಗಬಾರದು ಅಂತ ಆ ಭಾಗವನ್ನು ತೆಗೆಯುತ್ತಾರೆ, ಇಲ್ಲವೇ ನಾಶ ಮಾಡುತ್ತಾರೆ. "ಆಪರೇಶನ್ ಆಗಿದೆ" ಎಂದಷ್ಟೇ ಗೊತ್ತಿದ್ದರೆ ಸಾಲದು, ಅದರ ಹೆಸರೂ ಗೊತ್ತಿರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ.

ಲೀಪ್‌ನಲ್ಲಿ ಕರೆಂಟ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಒಂದು ಪದರ ಕತ್ತರಿಸುತ್ತಾರೆ. ಹೆಚ್ಚಾಗಿ ಅಲ್ಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಅವತ್ತೇ ಮನೆಗೆ ಹೋಗಬಹುದು. ಕೋನ್ ಬಯಾಪ್ಸಿಯಲ್ಲಿ ಚಾಕುವಿನಿಂದ ಶಂಕುವಿನ ಆಕಾರದ ತುಂಡು ತೆಗೆಯುತ್ತಾರೆ. ಗಾಯ ಆಳ, ರಕ್ತ ಹೋಗುವ ಸಾಧ್ಯತೆಯೂ ಜಾಸ್ತಿ. ಕ್ರಯೋ ಅಂದರೆ ಹೆಪ್ಪುಗಟ್ಟಿಸಿ ಕೊಲ್ಲುವುದು. ಇದರಲ್ಲಿ ಏನನ್ನೂ ಕತ್ತರಿಸುವುದಿಲ್ಲ, ಹಾಗಾಗಿ ರಕ್ತ ಕಡಿಮೆ. ಆದರೆ ನೀರಿನಂಥ ಸ್ರಾವ ವಾರಗಟ್ಟಲೆ ಹೋಗುತ್ತದೆ. ಲೇಸರ್‌ನಲ್ಲಿ ಸುಡುವುದೂ ಉಂಟು, ಕತ್ತರಿಸುವುದೂ ಉಂಟು.

ಹೆಸರಿನ ಜೊತೆ ತೆಗೆದ ತುಂಡು ಎಷ್ಟು ಆಳವಿತ್ತು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಗರ್ಭಿಣಿಯಾದಾಗ ಈ ಲೆಕ್ಕ ಬೇಕಾಗುತ್ತದೆ. 10 ಮಿಲಿಮೀಟರ್‌ಗಿಂತ ಆಳವಾಗಿ ತೆಗೆದಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಹೆಚ್ಚು.

ಇನ್ನೂ ಆಪರೇಶನ್ ಆಗಿಲ್ಲವಾದರೆ

ದಿನ ಗೊತ್ತು ಮಾಡುವಾಗ ಒಂದು ಪ್ರಶ್ನೆ ಕೇಳಿ: "ಡಾಕ್ಟರೇ, ನನ್ನ ಮುಟ್ಟು ಮುಗಿದ ಕೂಡಲೇ ಮಾಡಲು ಆಗುತ್ತಾ?"

ಕೇಳಲು ಕಾರಣ ಇದೆ. ಮುಟ್ಟು ನಿಂತ ಕೆಲವೇ ದಿನದಲ್ಲಿ ಆಪರೇಶನ್ ಆದರೆ ಮುಂದಿನ ಮುಟ್ಟಿಗೆ ಹೆಚ್ಚುಕಡಿಮೆ ಮೂರು ವಾರ ಸಿಗುತ್ತದೆ. ಅಷ್ಟರಲ್ಲಿ ಗಾಯದ ಮೇಲೆ ಹೊಸ ಪದರ ಬೆಳೆಯಲು ಶುರುವಾಗಿರುತ್ತದೆ. ಅದು ಬಿಟ್ಟು ಮುಟ್ಟಿಗೆ ನಾಲ್ಕು ದಿನ ಇದೆ ಅನ್ನುವಾಗ ಮಾಡಿಸಿಕೊಂಡರೆ ಹಸಿ ಗಾಯದ ಮೇಲೆಯೇ ಮುಟ್ಟಿನ ರಕ್ತ ಹರಿಯುತ್ತದೆ. ಆಗ ಎರಡು ತೊಂದರೆ. ಬರುತ್ತಿರುವುದು ಗಾಯದ ರಕ್ತವಾ, ಮುಟ್ಟಿನದಾ ಅಂತ ನಿಮಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ಆ ರಕ್ತದ ಜೊತೆ ಬರುವ ಜೀವಕೋಶಗಳು ಗಾಯಕ್ಕೆ ಅಂಟಿಕೊಳ್ಳಬಹುದು. ಅದರ ಕಥೆ ಮುಂದೆ ಬರುತ್ತದೆ.

ಮುಟ್ಟು ಮುಗಿದ ಹೊಸದರಲ್ಲಿ ಮಾಡಿದರೆ ಗರ್ಭಿಣಿ ಅಲ್ಲ ಎಂಬುದೂ ಹೆಚ್ಚುಕಡಿಮೆ ಖಾತ್ರಿ ಇರುತ್ತದೆ. ಎಲ್ಲ ಸಲವೂ ದಿನ ಹೊಂದಿಸಲು ಆಗುವುದಿಲ್ಲ, ತಡಮಾಡಬಾರದ ರಿಪೋರ್ಟ್ ಇದ್ದರೆ ಕಾಯಲೂಬಾರದು. ಆದರೂ ಬಾಯಿಬಿಟ್ಟು ಕೇಳಲು ಏನಡ್ಡಿ? ಅರ್ಧ ನಿಮಿಷದ ಮಾತು, ಅಲ್ವಾ.

ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಂದರೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಇಂಥವು, ಅದನ್ನೂ ಮೊದಲೇ ಹೇಳಿ. ಯಾವುದನ್ನೂ ನೀವಾಗೇ ನಿಲ್ಲಿಸಬೇಡಿ.

ಒಂದು ಪುಸ್ತಕದಲ್ಲಿ ಬರೆದಿಡಿ

ಹಳೇ ನೋಟ್‌ಬುಕ್ ಸಾಕು, ಆ್ಯಪ್ ಬೇಕಿಲ್ಲ. ಆಪರೇಶನ್ ಆದ ದಿನವನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ದಿನಕ್ಕೆ ಒಂದು ಸಾಲು. ಹೀಗಿದ್ದರೆ ಸಾಕು:

ದಿನ 3: ಕಪ್ಪು ಕಂದು, ಪುಡಿ ಪುಡಿ. 1 ಪ್ಯಾಡ್, ಅರ್ಧವೂ ಆಗಿಲ್ಲ.
ದಿನ 8: ತಿಳಿ ಗುಲಾಬಿ ನೀರು. ವಾಸನೆ ಇಲ್ಲ.
ದಿನ 11: ಬೆಳಗ್ಗೆ ಕೆಂಪು ರಕ್ತ, 2 ಪ್ಯಾಡ್. ಮಧ್ಯಾಹ್ನ ಕಡಿಮೆ. ಜ್ವರ ನೋಡಿದೆ, ಇಲ್ಲ.

"ತುಂಬಾ ರಕ್ತ ಹೋಯಿತು" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಒಬ್ಬರ "ತುಂಬಾ" ಇನ್ನೊಬ್ಬರ "ಸ್ವಲ್ಪ". ಪ್ಯಾಡ್ ಎಷ್ಟು, ಎಷ್ಟು ಹೊತ್ತಿಗೆ ಒದ್ದೆಯಾಯಿತು, ಗಡ್ಡೆ ಇತ್ತಾ, ಅಂತ ಹೇಳಿದರೆ ಫೋನಿನಲ್ಲೇ ಅರ್ಧ ತೀರ್ಮಾನ ಆಗುತ್ತದೆ. ಈ ಪುಸ್ತಕವನ್ನು ನಾಲ್ಕು ವಾರಕ್ಕೇ ಮುಚ್ಚಬೇಡಿ. ಮೂರ್ನಾಲ್ಕು ಮುಟ್ಟು ಆಗುವವರೆಗೂ ಬರೆಯಿರಿ.

ಮೊದಲ ನಾಲ್ಕು ವಾರ: ಯಾವಾಗ ಏನು ಕಾಣಿಸುತ್ತದೆ

ಮೊದಲ ಒಂದೆರಡು ದಿನ ತಿಳಿ ರಕ್ತ, ಮುಟ್ಟಿನ ಹೊಟ್ಟೆನೋವಿನಂಥ ನೋವು ಇರುತ್ತದೆ. ಆಮೇಲೆ ಬರುವ ಕಪ್ಪು ಸ್ರಾವ ನೋಡಿ ಬಹಳ ಜನ ಹೆದರುತ್ತಾರೆ. ಕಾಫಿ ಚರಟದ ಹಾಗೆ ಪುಡಿ ಪುಡಿಯಾಗಿ, ಕೆಲವೊಮ್ಮೆ ಹಸಿರು ಛಾಯೆಯ ಕಪ್ಪಾಗಿ ಬರುತ್ತದೆ. ಅದು ಕೊಳೆತ ರಕ್ತ ಅಲ್ಲ. ರಕ್ತ ನಿಲ್ಲಿಸಲು ಗಾಯದ ಮೇಲೆ ಕಬ್ಬಿಣದ ಅಂಶವಿರುವ ಒಂದು ಸಾಸಿವೆ ಬಣ್ಣದ ಪೇಸ್ಟ್ ಹಚ್ಚಿರುತ್ತಾರೆ, ಮಾನ್ಸೆಲ್ ಅಂತ ಅದರ ಹೆಸರು. ರಕ್ತದ ಜೊತೆ ಸೇರಿ ಅದು ಕಪ್ಪಾಗಿ ಉದುರುತ್ತದೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಎಷ್ಟೋ ಜನ ರಾತ್ರಿ ನಿದ್ದೆಗೆಡುವುದು ತಪ್ಪುತ್ತದೆ. ಆದರೆ ಹೇಳುವವರು ಕಡಿಮೆ.

ಇನ್ನು ಹತ್ತು ಹನ್ನೊಂದನೇ ದಿನದ ಆ ಕೆಂಪು ರಕ್ತ. ಮೊಣಕಾಲು ತರಚಿದಾಗ ಗಾಯದ ಮೇಲೆ ಹಕ್ಕಳೆ ಕಟ್ಟುತ್ತದಲ್ಲ, ಇಲ್ಲೂ ಹಾಗೇ. ಐದನೇ ದಿನದಿಂದ ಹದಿನಾಲ್ಕನೇ ದಿನದೊಳಗೆ ಆ ಹಕ್ಕಳೆ ಕಳಚಿಕೊಳ್ಳುತ್ತದೆ. ಕಳಚುವಾಗ ಅಡಿಯ ಹಸಿ ಜಾಗದಿಂದ ರಕ್ತ ಬರುತ್ತದೆ. ಕೆಲವು ಗಂಟೆ, ಇಲ್ಲವೇ ಒಂದೆರಡು ದಿನ ಮುಟ್ಟಿನಷ್ಟೇ ಹೋಗಿ ನಿಂತರೆ ಅದು ನಿರೀಕ್ಷಿಸಿದ್ದೇ. ಅವತ್ತು ಕೆಲಸ ಬಿಟ್ಟು ಮಲಗಿ, ಪ್ಯಾಡ್ ಇಟ್ಟುಕೊಂಡು ಗಡಿಯಾರ ನೋಡಿ. ರಕ್ತ ತಡೆಯಲು ಬಟ್ಟೆ, ಹತ್ತಿ ಒಳಗೆ ತುರುಕಬೇಡಿ.

ಅದೇ ದಿನಗಳಲ್ಲಿ ರಕ್ತದ ಜೊತೆ ಕೆಟ್ಟ ವಾಸನೆ, ಕೆಳಹೊಟ್ಟೆ ನೋವು, ಜ್ವರ ಬಂದರೆ ಮಾತು ಬೇರೆ. ಗಾಯಕ್ಕೆ ಸೋಂಕು ತಗುಲಿದಾಗಲೂ ಈ ಹೊತ್ತಿಗೇ ರಕ್ತ ಶುರುವಾಗುತ್ತದೆ. ಅದಕ್ಕೆ ಆಂಟಿಬಯೋಟಿಕ್ ಬೇಕು, ಸುಮ್ನೆ ಮಲಗಿದರೆ ಸಾಲದು.

ನಾಲ್ಕು ವಾರದ ಹೊತ್ತಿಗೆ ಬಹಳಷ್ಟು ಜನರಿಗೆ ಎಲ್ಲ ನಿಂತಿರುತ್ತದೆ. ಒಳಗಿನ ಗಾಯ ಪೂರ್ತಿ ಮಾಯಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ನಾಲ್ಕು ವಾರ ಯೋನಿಯೊಳಗೆ ಏನನ್ನೂ ಹಾಕಬಾರದು ಅನ್ನುವುದು: ಟ್ಯಾಂಪನ್ ಬೇಡ, ಮುಟ್ಟಿನ ಕಪ್ ಬೇಡ, ಲೈಂಗಿಕ ಸಂಪರ್ಕ ಬೇಡ, ಒಳಗೆ ನೀರು ಹಾಕಿ ತೊಳೆಯುವುದಂತೂ ಬೇಡವೇ ಬೇಡ. ಈಜಬೇಡಿ, ಟಬ್‌ನಲ್ಲಿ ಮುಳುಗಿ ಕೂರಬೇಡಿ, ಮೈಮೇಲೆ ನೀರು ಹುಯ್ದುಕೊಂಡು ಸ್ನಾನ ಮಾಡಬಹುದು. ಮೊದಲ ಎರಡು ವಾರ ಭಾರ ಎತ್ತುವುದನ್ನೂ ಬಿಡಿ. "ನನಗೇನೂ ಆಗಿಲ್ಲ, ಆರಾಮಾಗಿದ್ದೇನೆ" ಅಂತ ಎಂಟನೇ ದಿನಕ್ಕೆ ನೀರು ತುಂಬಿದ ಬಕೆಟ್ ಎತ್ತುವವರಿದ್ದಾರೆ. ಹಕ್ಕಳೆ ಸಡಿಲವಾಗಿರುವುದೂ ಅದೇ ದಿನಗಳಲ್ಲಿ. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ, ನೀವಾಗೇ ಆಸ್ಪಿರಿನ್ ನುಂಗಬೇಡಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ

ಗಂಟೆಗೊಂದು ಪ್ಯಾಡ್ ಪೂರ್ತಿ ಒದ್ದೆಯಾಗುತ್ತಿದೆ, ಎರಡು ಗಂಟೆಯಾದರೂ ಹಾಗೇ ಇದೆ. ದೊಡ್ಡ ದೊಡ್ಡ ಗಡ್ಡೆ ಬೀಳುತ್ತಿದೆ. ಎದ್ದು ನಿಂತರೆ ತಲೆ ಸುತ್ತುತ್ತದೆ, ಕಣ್ಣು ಕತ್ತಲೆ ಬರುತ್ತದೆ, ಎದೆ ಬಡಿತ ಜೋರಾಗಿದೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದೆ, ಅಂದರೆ 100.4 ಫ್ಯಾರನ್‌ಹೀಟ್. ಇವುಗಳಲ್ಲಿ ಒಂದಿದ್ದರೂ ರಾತ್ರಿಯಾದರೂ ಸರಿ, ಹೊರಡಿ. ಒಬ್ಬರೇ ಹೋಗಬೇಡಿ, ನೀವೇ ಗಾಡಿ ಓಡಿಸಬೇಡಿ.

ಅಲ್ಲಿ ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಹೆದರಿಕೆ ಕಡಿಮೆ. ಹೆಚ್ಚಿನವರಿಗೆ ಮತ್ತೆ ಅದೇ ಪೇಸ್ಟ್ ಅಥವಾ ಸಿಲ್ವರ್ ನೈಟ್ರೇಟ್ ಹಚ್ಚುತ್ತಾರೆ, ಇಲ್ಲವೇ ರಕ್ತ ಒಸರುವ ಜಾಗವನ್ನು ಸುಡುತ್ತಾರೆ. ಒಳಗೆ ಗಾಜ್ ಬಟ್ಟೆ ಒತ್ತಿಟ್ಟು ಮರುದಿನ ತೆಗೆಯುವುದೂ ಉಂಟು. ಹೊಲಿಗೆ ಹಾಕಬೇಕಾಗಿ ಬರುವುದು ಅಪರೂಪ.

ಮೊದಲ ಮುಟ್ಟು ಬಂದಾಗ, ಅಥವಾ ಬಾರದೇ ಇದ್ದಾಗ

ಆಪರೇಶನ್ ಆದಮೇಲಿನ ಮೊದಲ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗಬಹುದು, ಸ್ವಲ್ಪ ಜಾಸ್ತಿಯೂ ಹೋಗಬಹುದು. ಮುಂದಿನ ಸಲ ಸರಿಹೋದರೆ ಚಿಂತೆ ಇಲ್ಲ.

ಚಿಂತೆ ಮಾಡಬೇಕಾದದ್ದು ಇದರ ಉಲ್ಟಾ ಆದಾಗ. ಮುಟ್ಟಿನ ದಿನ ಬಂತು, ಹೊಟ್ಟೆ ಹಿಂಡುತ್ತಿದೆ, ಆದರೆ ರಕ್ತ ಇಲ್ಲ, ಅಥವಾ ನಾಲ್ಕು ಹನಿ ಬಂದು ನಿಲ್ಲುತ್ತದೆ. "ಮುಟ್ಟು ಕಡಿಮೆ ಆಯಿತು, ಒಳ್ಳೇದೇ ಆಯಿತು" ಅಂತ ಸುಮ್ಮನಿರಬೇಡಿ. ಗಾಯ ಮಾಯುವಾಗ ಗರ್ಭಕೋಶದ ಬಾಯಿಯೇ ಬಿಗಿದುಕೊಂಡಿರಬಹುದು. ಸ್ಟೆನೋಸಿಸ್ ಅನ್ನುತ್ತಾರೆ. ಹೊರಗೆ ಬರಬೇಕಾದ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ, ಗರ್ಭಕೋಶ ಅದನ್ನು ತಳ್ಳಲು ಹಿಂಡುತ್ತದೆ. ಒಂದು ಸ್ಕ್ಯಾನಿಂಗ್ ಮಾಡಿದರೆ ಒಳಗೆ ರಕ್ತ ನಿಂತಿರುವುದು ಕಾಣುತ್ತದೆ. ತೆಳ್ಳಗಿನ ಕಡ್ಡಿಯಿಂದ ಶುರುಮಾಡಿ ಒಂದಕ್ಕಿಂತ ಒಂದು ದಪ್ಪ ಕಡ್ಡಿ ತೂರಿಸಿ ಬಾಯಿ ಬಿಡಿಸುತ್ತಾರೆ. ದೊಡ್ಡ ತುಂಡು ತೆಗೆದಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ, ಮುಟ್ಟು ನಿಂತ ವಯಸ್ಸಾಗಿದ್ದರೆ ಬಾಯಿ ಬಿಗಿದುಕೊಳ್ಳುವ ಸಾಧ್ಯತೆ ಜಾಸ್ತಿ. ಮುಟ್ಟು ನಿಂತವರಿಗೆ ಮಾತ್ರ ಈ ಸುಳಿವು ಸಿಗುವುದಿಲ್ಲ, ಅವರಲ್ಲಿ ಮುಂದಿನ ಪರೀಕ್ಷೆಯಲ್ಲೇ ಗೊತ್ತಾಗುವುದು.

ಮುಟ್ಟು ಬರಲಿಲ್ಲ ಅಂದಾಗ ಗರ್ಭಿಣಿಯಾ ಅಂತಲೂ ಪರೀಕ್ಷೆ ಮಾಡಿಬಿಡಿ. ಆಪರೇಶನ್ ತಲೆಯಲ್ಲಿ ತುಂಬಿಕೊಂಡಿರುವಾಗ ಮರೆತುಹೋಗುವುದು ಇದೇ.

ತಿಂಗಳುಗಳ ಮೇಲೆ ಕಾಣಿಸುವ ಕಂದು ಕಲೆ

ಈಗ ಆ ಕಥೆಗೆ ಬರೋಣ. ಎಲ್ಲ ಮಾಯಿತು, ರಿಪೋರ್ಟ್ ಚೆನ್ನಾಗಿದೆ. ಮೂರ್ನಾಲ್ಕು ತಿಂಗಳಾದ ಮೇಲೆ ಒಂದು ಹೊಸ ಅಭ್ಯಾಸ ಶುರುವಾಗುತ್ತದೆ. ಮುಟ್ಟಿಗೆ ಎರಡು ಮೂರು ದಿನ ಮೊದಲೇ ಕಂದು ಕಲೆ. ಸಂಪರ್ಕದ ನಂತರ ಎರಡು ಹನಿ ರಕ್ತ. ನೋವೇನೂ ಇಲ್ಲ. ಪುಸ್ತಕ ಬರೆಯುತ್ತಿದ್ದರೆ ಇದು ತಿಂಗಳ ಅದೇ ಹೊತ್ತಿಗೆ ಬರುತ್ತಿದೆ ಅನ್ನುವುದು ಕಣ್ಣಿಗೆ ಹೊಡೆಯುತ್ತದೆ.

ಗರ್ಭಕೋಶದ ಒಳಪದರಕ್ಕೆ ಎಂಡೊಮೆಟ್ರಿಯಮ್ ಅನ್ನುತ್ತಾರೆ. ಪ್ರತಿ ತಿಂಗಳು ಬೆಳೆದು, ಮುಟ್ಟಿನಲ್ಲಿ ಕಳಚಿ ಬರುವುದು ಅದೇ. ಹಾಗೆ ಬರುವಾಗ ಅದರಲ್ಲಿ ಜೀವಂತ ಕೋಶಗಳೂ ಇರುತ್ತವೆ. ಮಾಯ್ದ ಗರ್ಭಕಂಠದ ಮೇಲೆ ಅವು ನಿಲ್ಲುವುದಿಲ್ಲ, ಜಾರಿ ಹೋಗುತ್ತವೆ. ಹಸಿ ಗಾಯ ಸಿಕ್ಕರೆ ಅಂಟಿಕೊಂಡು ಬೇರು ಬಿಡಬಹುದು. ಆಮೇಲೆ ಗರ್ಭಕೋಶದೊಳಗೆ ಮುಟ್ಟಾದಾಗಲೆಲ್ಲ ಹೊರಗಿನ ಈ ಚುಕ್ಕೆಯೂ ತನ್ನ ಪಾಡಿಗೆ "ಮುಟ್ಟಾಗುತ್ತದೆ". ಗರ್ಭಕಂಠದ ಎಂಡೊಮೆಟ್ರಿಯೋಸಿಸ್ ಅಂದರೆ ಇದೇ.

ಕಾಲ್ಪೊಸ್ಕೋಪ್ ಅಂದರೆ ದೊಡ್ಡದು ಮಾಡಿ ತೋರಿಸುವ ಯಂತ್ರ. ಅದರಲ್ಲಿ ನೋಡಿದರೆ ಈ ಚುಕ್ಕೆ ಸಾಸಿವೆ ಕಾಳಿನಷ್ಟು, ಕೆಲವೊಮ್ಮೆ ಇನ್ನೂ ದೊಡ್ಡದು. ನೀಲಿ ಕೆಂಪು, ಇಲ್ಲವೇ ಕಪ್ಪು ಕಂದು. ಮುಟ್ಟು ಹತ್ತಿರ ಬಂದ ಹಾಗೆ ಉಬ್ಬಿ ಗಾಢವಾಗುತ್ತದೆ, ಹತ್ತಿಯ ಕಡ್ಡಿ ತಾಗಿಸಿದರೆ ರಕ್ತ ಒಸರುತ್ತದೆ. ಹಾಗಾಗಿ ಪರೀಕ್ಷೆಗೆ ಹೋಗುವಾಗ ಕಲೆ ಯಾವ ದಿನಗಳಲ್ಲಿ ಕಾಣಿಸುತ್ತದೆ ಅಂತ ಮೊದಲೇ ಫೋನಿನಲ್ಲಿ ಹೇಳಿ, ಯಾವಾಗ ಬರಲಿ ಅಂತ ಕೇಳಿ. ಕಣ್ಣಿಗೆ ಕಂಡಿದ್ದು ಅದೇ ಅಂತ ಖಾತ್ರಿ ಮಾಡಲು ಚಿಕ್ಕ ತುಂಡು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಅಂದುಕೊಳ್ಳಬೇಡಿ, ಇಲ್ಲಿ ಗೊಂದಲ ಬಗೆಹರಿಸಲು ಅದೇ ದಾರಿ.

ಈ ಚುಕ್ಕೆಯಿಂದ ಇನ್ನೊಂದು ಫಜೀತಿ ಇದೆ. ಪ್ಯಾಪ್ ಸ್ಮಿಯರ್ ಅಂದರೆ ಗರ್ಭಕಂಠದ ಕೋಶಗಳನ್ನು ಸವರಿ ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ. ಅದರಲ್ಲಿ ಈ ಕೋಶಗಳು ಸಿಕ್ಕಿಬಿದ್ದರೆ ಲ್ಯಾಬಿನವರಿಗೆ ಅವು ಕೆಟ್ಟ ಗ್ರಂಥಿಕೋಶಗಳ ಹಾಗೆ ಕಾಣಬಹುದು. ಆಪರೇಶನ್ ಆದ ಮೇಲೂ ಸ್ಮಿಯರ್ ಸರಿ ಇಲ್ಲ ಅಂತ ಬಂದಾಗ ಕುಸಿದು ಕೂರುವ ಮೊದಲು "ಎಂಡೊಮೆಟ್ರಿಯೋಸಿಸ್ ಇರಬಹುದಾ?" ಅಂತ ಕೇಳಿ. ಹಾಗಂತ ಸ್ಮಿಯರ್ ರಿಪೋರ್ಟನ್ನು ಅದರ ತಲೆಗೆ ಕಟ್ಟಿ ಮುಂದಿನ ಪರೀಕ್ಷೆ ತಪ್ಪಿಸಬೇಡಿ.

ತೊಂದರೆ ಕೊಡದ ಚುಕ್ಕೆಯನ್ನು ಹಾಗೇ ಬಿಡಬಹುದು. ಎಷ್ಟೋ ಜನರಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ರಕ್ತ ಪದೇಪದೇ ಕಾಡುತ್ತಿದ್ದರೆ ಸುಡುತ್ತಾರೆ, ಲೇಸರ್ ಮಾಡುತ್ತಾರೆ ಅಥವಾ ಕತ್ತರಿಸಿ ತೆಗೆಯುತ್ತಾರೆ. ಅದನ್ನು ಮಾಡಿಸುವುದೂ ಮುಟ್ಟು ಮುಗಿದ ಕೂಡಲೇ. ಇಲ್ಲದಿದ್ದರೆ ಹೊಸ ಗಾಯದ ಮೇಲೆ ಮತ್ತೆ ಅದೇ ಕಥೆ.

ಹೊಟ್ಟೆಯೊಳಗಿನ ಎಂಡೊಮೆಟ್ರಿಯೋಸಿಸ್ ಬೇರೆ

ಹೆಸರು ಒಂದೇ ಆದ್ದರಿಂದ ಎರಡನ್ನೂ ಗಂಟು ಹಾಕುತ್ತಾರೆ. ಪ್ರಪಂಚದಲ್ಲಿ ಮುಟ್ಟಾಗುವ ವಯಸ್ಸಿನ ಸುಮಾರು ನೂರಕ್ಕೆ ಹತ್ತು ಮಂದಿಗೆ ಇರುವುದು ಹೊಟ್ಟೆಯೊಳಗಿನ ಎಂಡೊಮೆಟ್ರಿಯೋಸಿಸ್. ಅಂಡಾಶಯ, ಗರ್ಭಕೋಶದ ಹಿಂಭಾಗ, ಕರುಳಿನ ಮೇಲೆ ಇಂಥ ತುಣುಕುಗಳು ಬೆಳೆಯುವ ಕಾಯಿಲೆ ಅದು. ಮುಟ್ಟಿನ ರಕ್ತ ಹಿಂದಕ್ಕೆ, ಅಂಡನಾಳಗಳ ಮೂಲಕ ಹೊಟ್ಟೆಯೊಳಗೆ ಹೋಗುವುದೇ ಕಾರಣ ಅಂತ ಅಮೆರಿಕದ ಡಾಕ್ಟರ್ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದ ಮಂಡಿಸಿದರು. ಹಾಗೆ ಹಿಂದಕ್ಕೆ ಹೋಗುವುದು ಬಹುತೇಕ ಹೆಂಗಸರಲ್ಲಿ ಇದೆ, ಆದರೆ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಹಾಗಾಗಿ ಅದೊಂದೇ ಕಾರಣ ಅಲ್ಲ.

ಲೀಪ್ ಮಾಡಿಸಿಕೊಂಡಿದ್ದರಿಂದಲೇ ಈ ದೊಡ್ಡ ಕಾಯಿಲೆ ಬಂತು ಅಂದುಕೊಳ್ಳಬೇಕಿಲ್ಲ. ಎಷ್ಟೋ ಸಲ ಅದು ಮೊದಲೇ ಇರುತ್ತದೆ, ಆಪರೇಶನ್ ನಂತರ ಮೈಮೇಲೆ ಗಮನ ಹೆಚ್ಚಾದಾಗ ಗೊತ್ತಾಗುತ್ತದೆ. ಆದರೆ ಬಾಯಿ ಬಿಗಿದುಕೊಂಡು ರಕ್ತ ಹೊರಗೆ ಬಾರದಿದ್ದರೆ ಹಿಂದಕ್ಕೆ ಹೋಗುವ ರಕ್ತ ಹೆಚ್ಚುತ್ತದೆ. ಸ್ಟೆನೋಸಿಸ್ ಅನ್ನು ಹಾಗೇ ಬಿಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಗುರುತಿಸುವುದು ನೋವಿನಿಂದ. ಗರ್ಭಕಂಠದ ಚುಕ್ಕೆ ನೋಯುವುದು ಕಡಿಮೆ, ರಕ್ತ ತೋರಿಸುತ್ತದೆ. ಒಳಗಿನದು ಮುಟ್ಟಿನಲ್ಲಿ ಎದ್ದೇಳಲಾಗದ ನೋವು, ಸಂಪರ್ಕದಲ್ಲಿ ಆಳದ ನೋವು, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗ ನೋವು ಕೊಡುತ್ತದೆ. ಅದಕ್ಕೆ ಸ್ಕ್ಯಾನಿಂಗ್, ಎಂಆರ್‌ಐ, ಕೆಲವರಿಗೆ ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಒಳಗೆ ನೋಡುವುದು) ಬೇಕು. ಚಿಕಿತ್ಸೆಯೂ ಬೇರೆ, ಹಾರ್ಮೋನ್ ಮಾತ್ರೆಯಿಂದ ಶುರುವಾಗುತ್ತದೆ.

ಎಲ್ಲವನ್ನೂ ಆಪರೇಶನ್ ತಲೆಗೆ ಕಟ್ಟಬೇಡಿ

ಎರಡು ತಿಂಗಳಾದ ಮೇಲೂ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗುತ್ತಿದ್ದರೆ ಪಾಲಿಪ್ (ಒಳಪದರದಿಂದ ಜೋತುಬೀಳುವ ಚಿಕ್ಕ ಬೆಳವಣಿಗೆ), ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಥೈರಾಯ್ಡ್, ಸೋಂಕು, ಹೊಸದಾಗಿ ಶುರು ಮಾಡಿದ ಗರ್ಭನಿರೋಧಕ, ಇವೆಲ್ಲವನ್ನೂ ನೋಡಬೇಕು. ಕೆಟ್ಟ ಕೋಶ ಉಳಿದಿದೆಯಾ ಅಂತಲೂ ನೋಡುತ್ತಾರೆ. ಮುಟ್ಟು 24ರಿಂದ 38 ದಿನದೊಳಗೆ ಬಂದು, 8 ದಿನದೊಳಗೆ ಮುಗಿದರೆ ಅದು ಸಹಜ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ಆಪರೇಶನ್ ಯಾವಾಗಲೇ ಆಗಿರಲಿ, ಪರೀಕ್ಷೆ ಮಾಡಿಸಲೇಬೇಕು.

ಮುಂದಿನ ಭೇಟಿಗೆ ಹೋಗುವಾಗ

ತುಂಡಿನ ಬಯಾಪ್ಸಿ ರಿಪೋರ್ಟಿನಲ್ಲಿ ಅಂಚು ಸ್ವಚ್ಛವಾಗಿದೆಯಾ, ಅಂದರೆ ತುಂಡಿನ ಅಂಚಿನಲ್ಲಿ ಕೆಟ್ಟ ಕೋಶ ಇಲ್ಲವಾ, ಅಂತ ಬರೆದಿರುತ್ತದೆ. ಅದನ್ನು ಓದಿಸಿ ಕೇಳಿ. ಆರು ತಿಂಗಳಿಂದ ವರ್ಷದೊಳಗೆ ಎಚ್‌ಪಿವಿ ಪರೀಕ್ಷೆ ಇರುತ್ತದೆ, ಅದನ್ನು ತಪ್ಪಿಸಬೇಡಿ. ಆಮೇಲೂ ವರ್ಷಗಟ್ಟಲೆ ಪರೀಕ್ಷೆ ಮುಂದುವರಿಯುತ್ತದೆ. ಊರು ಬದಲಾದರೆ, ಡಾಕ್ಟರ್ ಬದಲಾದರೆ ಹೊಸಬರಿಗೆ ನಿಮ್ಮ ಕಥೆ ಗೊತ್ತಿರುವುದಿಲ್ಲ. ಹಾಗಾಗಿ ಎರಡು ಕಾಗದದ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ: ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ರಿಪೋರ್ಟ್. ಮುಂದಿನ ಸಲ ಸ್ಮಿಯರ್‌ಗೆ ಕೊಡುವಾಗ ಲ್ಯಾಬಿನ ಫಾರಂನಲ್ಲಿ ಎರಡು ವಿಷಯ ಬರೆಸಿ. ಆಪರೇಶನ್ ಯಾವ ತಾರೀಕಿಗೆ ಆಯಿತು, ಕೊನೆಯ ಮುಟ್ಟು ಯಾವ ತಾರೀಕಿಗೆ ಶುರುವಾಯಿತು. ಗಾಜಿನ ಸ್ಲೈಡ್ ನೋಡುವವರಿಗೆ ನಿಮ್ಮ ಬಗ್ಗೆ ಗೊತ್ತಾಗುವುದು ಆ ಫಾರಂನಿಂದ ಮಾತ್ರ.